ಸಹಾಯ ಬೇಕು: ಬೇರೆಯವರ ಉತ್ತರಕ್ಕೆ ಕಾಯುವ ಕೆಲಸಗಳನ್ನು ಹೇಗೆ ನೆನಪಿಡುತ್ತೀರಿ?

ಎಲ್ಲರಿಗೂ ನಮಸ್ಕಾರ. ಗದಗ-ಬೆಟಗೇರಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಮದುವೆ ಸೀಸನ್ ಬಂತೆಂದರೆ ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ ಎಲ್ಲ ಒಟ್ಟಿಗೆ ಬರುತ್ತವೆ.

ಮೊಬೈಲ್‌ನಲ್ಲಿ ಮೈಕ್ರೋಸಾಫ್ಟ್ ಟು ಡೂ ಅನ್ನೋ ಕೆಲಸದ ಪಟ್ಟಿಯ ಆ್ಯಪ್ ಬಳಸುತ್ತೇನೆ. ಅದರ ‘ಮೈ ಡೇ’, ಅಂದ್ರೆ ಇವತ್ತಿನ ಕೆಲಸಗಳ ಪಟ್ಟಿ, ರಾತ್ರಿ ತಾನಾಗಿಯೇ ಖಾಲಿಯಾಗುತ್ತದೆ, ಮುಗಿಯದ ಕೆಲಸ ಮೂಲ ಪಟ್ಟಿಯಲ್ಲೇ ಉಳಿಯುತ್ತದೆ. ಬೆಳಿಗ್ಗೆ ಹೊಸದಾಗಿ ಆರಿಸಿಕೊಳ್ಳುವುದು ನನಗೆ ಬಹಳ ಇಷ್ಟ. ಪೊಮೊಡೊರೊ ಪದ್ಧತಿಯೂ, ಅಂದ್ರೆ 25 ನಿಮಿಷ ಒಂದೇ ಕೆಲಸ, ಆಮೇಲೆ 5 ನಿಮಿಷ ಬಿಡುವು, ಡಿಸೈನ್ ಮಾಡುವಾಗ ಚೆನ್ನಾಗಿ ಒಗ್ಗುತ್ತದೆ. ಆದರೆ ಗಿರಾಕಿ ಎದುರಿಗೆ ನಿಂತಾಗ ಗಡಿಯಾರ ನೋಡುತ್ತಾ ಕೂರಲು ಆಗುವುದಿಲ್ಲ, ಅಲ್ವಾ?

ನಿಜವಾದ ಕಷ್ಟ ನನ್ನ ಕೈಯಲ್ಲಿಲ್ಲದ ಕೆಲಸಗಳದ್ದು. ವಾಟ್ಸಾಪ್‌ನಲ್ಲಿ ಪ್ರೂಫ್ ಕಳಿಸಿರುತ್ತೇನೆ. ಮನೆಯ ಹಿರಿಯರು ಹೆಸರುಗಳನ್ನೆಲ್ಲ ನೋಡಿ ಸರಿ ಅನ್ನಬೇಕು. ಇನ್ನೊಂದಕ್ಕೆ ಹುಬ್ಬಳ್ಳಿಯಿಂದ ಪೇಪರ್ ಬರಬೇಕು. ಇವನ್ನೆಲ್ಲ ಇವತ್ತಿನ ಪಟ್ಟಿಗೆ ಸೇರಿಸಿದರೆ ಅದು ಸುಮ್ನೆ ಉದ್ದ ಆಗುತ್ತದೆ. ಸೇರಿಸದಿದ್ದರೆ ಫೋನ್ ಮಾಡಿ ಕೇಳುವುದೇ ಬಿಟ್ಟುಹೋಗುತ್ತದೆ. ಪತ್ರಿಕೆ ತಡವಾದರೆ ಊರೂರಿಗೆ ಹೋಗಿ ಹಂಚುವವರ ಪರದಾಟ ಜಾಸ್ತಿ. ಅದು ನನಗೆ ಬೇಡ.

‘ಕಾಯುತ್ತಿರುವವು’ ಅಂತ ಬೇರೆಯೇ ಪಟ್ಟಿ ಇಟ್ಟು, ಪ್ರತಿಯೊಂದಕ್ಕೂ ಮತ್ತೆ ಕೇಳುವ ತಾರೀಖು ಹಾಕುವವರು ಯಾರಾದರೂ ಇದ್ದೀರಾ? ಅದನ್ನು ಯಾವ ಹೊತ್ತಿಗೆ ತೆಗೆದು ನೋಡುತ್ತೀರಿ? ಪ್ರೆಸ್‌ನ ಹುಡುಗರಿಗೂ ಕಾಣಬೇಕೆಂದರೆ ಗೋಡೆಯ ಮೇಲೆ ಬೋರ್ಡ್ ಒಳ್ಳೆಯದೋ, ಮೊಬೈಲ್‌ನಲ್ಲೇ ಪಟ್ಟಿ ಹಂಚಿಕೊಳ್ಳುವುದೋ? ಟೇಲರಿಂಗ್, ಗ್ಯಾರೇಜ್, ಫೋಟೋ ಸ್ಟುಡಿಯೋ ನಡೆಸುವವರಿಗೂ ಇದೇ ತೊಂದರೆ ಇರುತ್ತದೆ ಅನ್ನಿಸುತ್ತದೆ. ನಿಮ್ಮ ಪದ್ಧತಿ ದಯವಿಟ್ಟು ಬರೆಯಿರಿ. ಬೋರ್ಡ್ ಅಥವಾ ಡೈರಿಯ ಫೋಟೋ ಹಾಕಿದರೆ ಇನ್ನೂ ಉಪಕಾರ ಆಗುತ್ತದೆ.