ಪವರ್ಡ್ ಸ್ಪೀಕರ್ ಬೇಸ್‌ಗೆ ಕಟ್ ಆಗ್ತಿದೆ, ಮೈಕ್ ಮುಟ್ಟಿದ್ರೆ ಜುಮ್ ಅಂತಿದೆ, ಶನಿವಾರ ಪ್ರೋಗ್ರಾಂ ಇದೆ

ಪ್ರಶ್ನೆ, ಮೂಡಿಗೆರೆ ಕಡೆಯಿಂದ

ಎಲ್ರಿಗೂ ನಮಸ್ಕಾರ. ನಮ್ದು ಊರಿನ ಹುಡುಗರೆಲ್ಲ ದುಡ್ಡು ಸೇರಿಸಿ ತಗೊಂಡಿರೋ ಸಣ್ಣ ಸೆಟ್ಟು, ಎರಡು ಪವರ್ಡ್ ಟಾಪು (ಆಂಪ್ಲಿಫೈಯರ್ ಒಳಗೇ ಇರೋ ಸ್ಪೀಕರು), ಎರಡು 15 ಇಂಚಿನ ಪವರ್ಡ್ ಸಬ್ಬು (ಬೇಸ್ ಬಾಕ್ಸು), ಅಡಾಪ್ಟರ್‌ನಲ್ಲಿ ಓಡೋ ಚಿಕ್ಕ ಮಿಕ್ಸರ್ರು. ಬಾಕ್ಸ್ ಹಿಂದೆ 220-240 ವೋಲ್ಟ್ 50 ಹರ್ಟ್ಜ್ ಅಂತ ಇದೆ. ಶನಿವಾರ ಎಸ್ಟೇಟ್ ಕಣದಲ್ಲಿ ಲೈನ್ ಮನೆ ಮಕ್ಕಳ ಕಾರ್ಯಕ್ರಮ, ನಿನ್ನೆ ಸಂಜೆ ಟ್ರಯಲ್ ನೋಡಿದ್ವಿ. ಜೋರಾಗಿ ಬೇಸ್ ಇರೋ ಹಾಡು ಬಂದ ತಕ್ಷಣ ಸಬ್ಬು ಟಕ್ ಅಂತ ಆಫ್ ಆಗಿ ಎರಡು ಸೆಕೆಂಡ್ ಬಿಟ್ಟು ವಾಪಸ್ ಬರುತ್ತೆ. ಅದಕ್ಕಿಂತ ಭಯ ಆಗಿರೋದು ಇನ್ನೊಂದು, ಹಾಡೋ ಹುಡುಗಿ ಮೈಕ್ ಹಿಡ್ಕೊಂಡು ತುಟಿ ಹತ್ರ ತಂದಾಗ ಜುಮ್ ಅಂತು ಅಂತ ಮೈಕೇ ಕೈಬಿಟ್ಟಳು. ಕರೆಂಟು ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಮೆಷಿನ್) ಮನೆಯಿಂದ 70 ಮೀಟರ್ ವೈರ್ ರೀಲಲ್ಲಿ ಎಳೆದಿದೀವಿ, ಅದರಲ್ಲೇ ಎರಡು 500 ವ್ಯಾಟ್ ಹ್ಯಾಲೋಜನ್ನೂ ಇದೆ. ಸ್ಪೀಕರ್ ಹೋಗಿದೆಯಾ, ಏನ್ ಮಾಡ್ಲಿ?

ಉತ್ತರ, ಹಾಸನದಿಂದ

ಮೊದಲು ಮೈಕಿನ ವಿಚಾರ. ಅದು ಸರಿ ಆಗೋವರೆಗೂ ಯಾರ ಕೈಗೂ ಮೈಕ್ ಕೊಡ್ಬೇಡಿ, ಟ್ರಯಲ್‌ಗೂ ಬೇಡ, ಬೇಸ್ ಕಟ್ ಆಗೋದು ಆಮೇಲೆ ನೋಡೋಣ. ಎರಡು ಪ್ರಶ್ನೆ ಇದೆ. ಸಬ್ಬು ಆಫ್ ಆಗೋವಾಗ ಕೆಂಪು ಕ್ಲಿಪ್ ಲೈಟ್ ಬರುತ್ತಾ, ಇಲ್ಲ ಹಸಿರು ಪವರ್ ಲೈಟೇ ಹೋಗುತ್ತಾ? ಕೆಂಪಾದ್ರೆ ಸಿಗ್ನಲ್ ಜಾಸ್ತಿ ಕೊಟ್ಟಿದೀರ ಅಂತ, ಹಸಿರೇ ಹೋದ್ರೆ ಹೊಟ್ಟೆಗೆ ಕರೆಂಟು ಸಾಲ್ತಿಲ್ಲ ಅಂತ. ಇನ್ನೊಂದು, ಎಲ್ಲಾ ಬಾಕ್ಸಿನ ಪ್ಲಗ್ಗಲ್ಲೂ ಮೂರು ಪಿನ್ ಇದೆಯಾ, ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿ ಹೇಳಿ.

ಪ್ರಶ್ನೆ ಕೇಳಿದವರು

ಹಸಿರೇ ಹೋಗುತ್ತೆ. ಪಿನ್ ನೋಡಿದೆ, ಒಂದು ಸಬ್ಬಿನ ಪ್ಲಗ್ಗಲ್ಲಿ ದಪ್ಪ ಪಿನ್ನೇ ಇಲ್ಲ. ಹೋದ ಗಣಪತಿ ಟೈಮಲ್ಲಿ ಲ್ಯಾಪ್‌ಟಾಪ್ ಹಾಕಿದಾಗ ಗುಂಯ್ ಅಂತಿತ್ತು, ಅರ್ಥ್ ತೆಗೆದ್ರೆ ಹೋಗುತ್ತೆ ಅಂತ ಒಬ್ರು ಹೇಳಿದ್ರು, ನಮ್ಮ ಹುಡುಗನೇ ಕಟಿಂಗ್ ಪ್ಲೇಯರಲ್ಲಿ ಕಿತ್ತು ಹಾಕಿದ್ದ. ನಿಜವಾಗ್ಲೂ ಗುಂಯ್ ಹೋಗಿತ್ತು.

ಉತ್ತರ, ಸಕಲೇಶಪುರದಿಂದ

ನಾನು ವೈರಿಂಗ್ ಕೆಲಸದವನು. ಹಸಿರು ಲೈಟ್ ಹೋಗ್ತಿದೆ ಅಂದ್ರೆ ವೋಲ್ಟೇಜೇ. ಎಲೆಕ್ಟ್ರಿಷಿಯನ್ ಕರ್ಕೊಂಡು ಮೀಟರ್ ಇಟ್ಟು ರೀಡಿಂಗ್ ಹಾಕಿ, ಪಲ್ಪರ್ ಮನೆ ಸಾಕೆಟ್‌ದು ಒಂದು, ಕಣದ ಕಡೆ ರೀಲಿನ ಬೋರ್ಡ್‌ದು ಒಂದು. ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ಬೇಕು. ಪಲ್ಪರ್ ಸ್ಟಾರ್ಟ್ ಆಗೋ ಹೊತ್ತಲ್ಲೂ ನೋಡಿ, ಆ ಮೋಟರ್ ನೇರ ಸ್ಟಾರ್ಟರ್‌ದಾದ್ರೆ ಆ ಕ್ಷಣಕ್ಕೆ ಮಾಮೂಲಿ ಕರೆಂಟಿನ ಐದಾರು ಪಟ್ಟು ಎಳೆಯುತ್ತೆ.

ಪ್ರಶ್ನೆ ಕೇಳಿದವರು

ರೀಡಿಂಗ್ ತಗೊಂಡ್ವಿ. ಪಲ್ಪರ್ ಮನೇಲಿ ಫೇಸ್-ನ್ಯೂಟ್ರಲ್ 218, ಫೇಸ್-ಅರ್ಥ್ 216, ನ್ಯೂಟ್ರಲ್-ಅರ್ಥ್ 2. ಕಣದಲ್ಲಿ ಏನೂ ಓಡದೇ ಇದ್ದಾಗ 218, ಹ್ಯಾಲೋಜನ್ನು ಹಾಡು ಎರಡೂ ಜೋರಿದ್ರೆ 197, ಪಲ್ಪರ್ ಹಾಕಿದ ಕ್ಷಣ 180ಕ್ಕೆ ಬಿತ್ತು, ಅದೇ ಹೊತ್ತಿಗೆ ಸಬ್ಬು ಟಕ್ ಅಂತು. ಆದರೆ ಕಣದ ಬೋರ್ಡಲ್ಲಿ ಫೇಸ್-ಅರ್ಥ್ 112, ನ್ಯೂಟ್ರಲ್-ಅರ್ಥ್ 105 ತೋರಿಸ್ತಿದೆ, ಮೀಟರ್ ಕೆಟ್ಟಿದೆ ಅನ್ಸುತ್ತೆ. ಇನ್ನೊಂದು, ರೀಲಿನ ಒಳಗಿನ ಸುತ್ತುಗಳಿಗೆ ಕೈ ಹಾಕಿದ್ರೆ ಬಿಸಿ, ವೈರು ಮೆತ್ತಗಾಗಿ ಒಂದಕ್ಕೊಂದು ಅಂಟ್ಕೊಂಡಿತ್ತು.

ಉತ್ತರ, ಹಾಸನದಿಂದ

ಮೀಟರ್ ಕೆಟ್ಟಿಲ್ಲ, ಅದು ಸತ್ಯಾನೇ ಹೇಳ್ತಿದೆ. ನಿಮ್ಮ ರೀಲಲ್ಲಿ ಅರ್ಥ್ ಎಲ್ಲೋ ತುಂಡಾಗಿದೆ. ಸ್ಪೀಕರ್ ಒಳಗೆ ಫಿಲ್ಟರ್‌ಗೆ ಅಂತ ಫೇಸಿಂದ ಬಾಡಿಗೆ ಒಂದು, ನ್ಯೂಟ್ರಲಿಂದ ಬಾಡಿಗೆ ಒಂದು ಸಣ್ಣ ಕೆಪಾಸಿಟರ್ ಇರುತ್ತೆ, ಅರ್ಥ್ ಇದ್ರೆ ಆ ಚೂರು ಲೀಕೇಜ್ ಭೂಮಿಗೆ ಹೋಗುತ್ತೆ, ಇಲ್ಲಾಂದ್ರೆ ಬಾಡಿ ಮೇಲೆ ಹೆಚ್ಚುಕಡಿಮೆ ಅರ್ಧ ವೋಲ್ಟೇಜ್ ಬಂದು ಕೂತ್ಕೊಳ್ಳುತ್ತೆ. ನಿಮ್ಮ 112, 105 ಅದೇನೇ. ಅಲ್ಲಿಂದ ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಆಡಿಯೋ) ಕೇಬಲಿನ ಒಂದನೇ ಪಿನ್ನಿನ ಶೀಲ್ಡ್ ಹಿಡ್ಕೊಂಡು ಮಿಕ್ಸರ್‌ಗೆ, ಮಿಕ್ಸರಿಂದ ಮೈಕಿನ ಜಾಲರಿಗೆ. ಅಡಾಪ್ಟರ್ ಮಿಕ್ಸರ್ ಆದ್ದರಿಂದ ಅದಕ್ಕೂ ಸ್ವಂತ ಅರ್ಥ್ ಇಲ್ಲ. ಇವತ್ತು ಜುಮ್ ಅಂದಿದ್ದು ಬರೀ ಲೀಕೇಜು, ಆದರೆ ನಾಲ್ಕರಲ್ಲಿ ಒಂದು ಬಾಕ್ಸ್ ಒಳಗೆ ಫೇಸ್ ವೈರ್ ಕಳಚಿ ಬಾಡಿಗೆ ತಾಗಿದ್ರೆ ಫ್ಯೂಸೂ ಹೋಗಲ್ಲ ಎಂಸಿಬಿನೂ ಬೀಳಲ್ಲ, ಪೂರ್ತಿ 230 ವೋಲ್ಟು ಆ ಮೈಕಲ್ಲಿ ಕಾಯ್ತಾ ಇರುತ್ತೆ, ಹಿಡ್ಕೊಳೋದು ಇಬ್ಬನಿಗೆ ಒದ್ದೆಯಾದ ಕಣದ ಸಿಮೆಂಟ್ ಮೇಲೆ ಬರಿಗಾಲಲ್ಲಿ ನಿಂತಿರೋ ಮಗು. ದಯವಿಟ್ಟು ಅರ್ಥ್ ಪಿನ್ ಕೀಳೋ ಐಡಿಯಾ ಯಾರೇ ಹೇಳಿದ್ರೂ ಕೇಳ್ಬೇಡಿ. ಗುಂಯ್ ಅನ್ನೋದನ್ನ ಸಿಗ್ನಲ್ ಕಡೆ ಸರಿ ಮಾಡ್ಬೇಕು, ಕರೆಂಟ್ ಕಡೆ ಅಲ್ಲ.

ಇನ್ನು ಬೇಸ್ ಕಟ್ಟು. 218ರಿಂದ 197 ಅಂದ್ರೆ 21 ವೋಲ್ಟು ವೈರಲ್ಲೇ ಹೋಯ್ತು. ಹ್ಯಾಲೋಜನ್ನೇ ನಾಲ್ಕೂವರೆ ಆಂಪ್ಸ್ ತಿನ್ನುತ್ತೆ, ನಾಲ್ಕು ಬಾಕ್ಸಿಗೆ ಸರಾಸರಿ ಮೂರು ಅಂದ್ಕೊಳ್ಳಿ. ನಿಮ್ಮ ರೀಲು 1 ಸ್ಕ್ವೇರ್ ಎಂಎಂ ಇರ್ಬೇಕು, ಹೋಗೋಕೆ ಬರೋಕೆ ಸೇರಿ 140 ಮೀಟರ್‌ಗೆ ಸುಮಾರು 2.7 ಓಮ್ಸ್, ಲೆಕ್ಕ ಸರಿಯಾಗಿ ಕೂರುತ್ತೆ. ಸುತ್ತಿಟ್ಟ ರೀಲು ಬಿಸಿ ಆಗೋದಕ್ಕೂ ಇದೇ ಕಾರಣ, ಒಳಗಿನ ಸುತ್ತಿಗೆ ಗಾಳಿ ಇಲ್ಲ. ಅಂಟಿರೋ ಆ ವೈರನ್ನ ಮತ್ತೆ ಬಳಸ್ಲೇಬೇಡಿ. 2.5 ಸ್ಕ್ವೇರ್ ಎಂಎಂ ಮೂರು ಕೋರ್ ತಾಮ್ರದ ಕೇಬಲ್ ತನ್ನಿ, ಪೂರ್ತಿ ಬಿಚ್ಚಿ ಹಾಸಿ, 16 ಆಂಪ್ಸ್ ಪ್ಲಗ್ ಹಾಕಿ. ಹ್ಯಾಲೋಜನ್ ಬೇರೆ ಲೈನಿಗೆ ಹೋಗ್ಲಿ. ಸಾಕೆಟ್ ಹಿಂದೆ 30 ಮಿಲಿ ಆಂಪ್ಸ್ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ್ರೆ ತಕ್ಷಣ ಲೈನ್ ಕಟ್ ಮಾಡೋ ಸ್ವಿಚ್) ಕೂರಿಸಿ, ನಾನಂತೂ ಅದಿಲ್ಲದೆ ಬಯಲಲ್ಲಿ ಸೆಟ್ ಹಾಕಲ್ಲ.

ಉತ್ತರ, ಸಕಲೇಶಪುರದಿಂದ

ಅವರು ಹೇಳಿದ್ದೇ ಸರಿ. ಆರ್‌ಸಿಸಿಬಿ ಟೆಸ್ಟ್ ಬಟನ್ ಒತ್ತಿ ನೋಡಿ. ಜನರೇಟರ್ ಬಂದ್ರೆ ಮೊದಲು ಸ್ಪೀಕರೆಲ್ಲ ಆಫ್ ಮಾಡಿ, ಜನರೇಟರ್ ಸ್ಟೆಡಿ ಆಗಿ ಮೀಟರಲ್ಲಿ 230ರ ಆಸುಪಾಸು ಬಂದ ಮೇಲೇ ಹಾಕಿ. ಹಾಕೋವಾಗ ಮಿಕ್ಸರ್ ಮೊದಲು ಸ್ಪೀಕರ್ ಕೊನೆಗೆ, ತೆಗೆಯೋವಾಗ ಸ್ಪೀಕರ್ ಮೊದಲು. ಸ್ಪೀಕರಿಗೆ ಕರೆಂಟ್ ಕೊಡೋ, ತಿರುಗಿಸಿ ಲಾಕ್ ಮಾಡೋ ನೀಲಿ ಪವರ್‌ಕಾನ್ ಕನೆಕ್ಟರ್ ಇದ್ರೆ ಓಡ್ತಿರೋವಾಗ ಎಳೀಬೇಡಿ, ಅದು ಲೋಡ್ ಮೇಲೆ ಕೀಳೋಕೆ ಮಾಡಿದ್ದಲ್ಲ.

ಪ್ರಶ್ನೆ ಕೇಳಿದವರು

ಎಲ್ಲ ಮಾಡಿ ಬಂದು ಬರೀತಿದೀನಿ. ರೀಲಿನ ಬೋರ್ಡ್ ಬಿಚ್ಚಿದ್ರೆ ಅರ್ಥಿನ ಹಸಿರು ವೈರು ಸ್ಕ್ರೂನಿಂದ ಕಳಚಿ ಮೂಲೇಲಿ ಸುಮ್ನೆ ಮಡಚ್ಕೊಂಡು ಕೂತಿತ್ತು, ನೋಡಿ ಹೊಟ್ಟೆ ತೊಳಸಿದ ಹಾಗಾಯ್ತು. ಸಬ್ಬಿಗೆ ಹೊಸ ಪ್ಲಗ್ ಹಾಕಿಸಿದ್ವಿ, ಕೇಬಲ್ ಬದಲಾಯ್ತು, ಈಗ ಕಣದಲ್ಲಿ ನ್ಯೂಟ್ರಲ್-ಅರ್ಥ್ 3 ವೋಲ್ಟು, ಫುಲ್ ಹಾಡಿಗೂ 214. ಜುಮ್ ಇಲ್ಲ. ಪಲ್ಪರ್ ಕಾರ್ಯಕ್ರಮ ಮುಗಿಯೋವರೆಗೆ ಬೇಡ ಅಂತ ಎಸ್ಟೇಟ್ ರೈಟರ್ ಹತ್ರ ಮಾತಾಡಿದೀವಿ. ಆದರೆ ಲ್ಯಾಪ್‌ಟಾಪ್ ಸಿಕ್ಕಿಸಿದ್ರೆ ಗುಂಯ್ ವಾಪಸ್ ಬಂತು, ಚಾರ್ಜರ್ ಪಲ್ಪರ್ ಮನೆ ಸಾಕೆಟ್ಟಲ್ಲಿದೆ.

ಉತ್ತರ, ಹಾಸನದಿಂದ

ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡ್ಸಿ ನೋಡಿ, ನಿಂತ್ರೆ ಗ್ರೌಂಡ್ ಲೂಪು, ಅಂದ್ರೆ ಎರಡು ಕಡೆ ಅರ್ಥ್ ಸೇರಿ ಆಗೋ ಸುತ್ತು. ಚಾರ್ಜರನ್ನ ಸ್ಪೀಕರ್ ಇರೋ ಬೋರ್ಡಿಗೇ ತನ್ನಿ, ಲ್ಯಾಪ್‌ಟಾಪ್ ಮಿಕ್ಸರ್ ನಡುವೆ ಟ್ರಾನ್ಸ್‌ಫಾರ್ಮರ್ ಇರೋ ಡಿಐ ಬಾಕ್ಸ್ (ಸಿಗ್ನಲ್ ಹೊಂದಿಸಿ ಕೊಡೋ ಚಿಕ್ಕ ಪೆಟ್ಟಿಗೆ) ಹಾಕಿ. ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಸಿಗ್ನಲ್ ಶೀಲ್ಡನ್ನ ಮಾತ್ರ ಬಿಡಿಸುತ್ತೆ, ಕರೆಂಟಿನ ಅರ್ಥ್ ಮುಟ್ಟಲ್ಲ, ಒತ್ತೋಕೆ ಹೆದರ್ಬೇಡಿ. ಸಂಜೆ ಇಬ್ಬನಿ ಬೀಳೋ ಮುಂಚೆ ಬಾಕ್ಸ್ ಮೇಲೆ ಟಾರ್ಪಾಲ್ ಕಟ್ಟಿ, ಹಿಂದಿನ ಹೀಟ್‌ಸಿಂಕ್ ಮಾತ್ರ ಮುಚ್ಚಬೇಡಿ, ಒಂದು ಗೇಣು ಜಾಗ ಬಿಡಿ.

ಪ್ರಶ್ನೆ ಕೇಳಿದವರು

ಬ್ಯಾಟರಿಗೆ ನಿಂತೇ ಹೋಯ್ತು. ಡಿಐ ಬಾಕ್ಸ್ ಹಾಸನದಿಂದ ತರಿಸಿದ್ವಿ, ಶನಿವಾರ ಕಾರ್ಯಕ್ರಮ ಹತ್ತು ಗಂಟೆ ಒಳಗೆ ಮುಗೀತು, ಒಂದ್ಸಲಾನೂ ಕಟ್ ಆಗ್ಲಿಲ್ಲ. ಅವತ್ತು ಮೈಕ್ ಬಿಟ್ಟಿದ್ದ ಹುಡುಗಿ ಮೊದಲು ಬೆರಳ ತುದಿಯಲ್ಲಿ ಜಾಲರಿ ಮುಟ್ಟಿ ನೋಡಿದಳು, ಆಮೇಲೆ ಎರಡೂ ಕೈಯಲ್ಲಿ ಹಿಡ್ಕೊಂಡು ಹಾಡಿದಳು. ಕಿತ್ತ ಪಿನ್ನಿನ ಹಳೇ ಪ್ಲಗ್ಗನ್ನ ನಮ್ಮ ಸೆಟ್ಟಿನ ಪೆಟ್ಟಿಗೆ ಮುಚ್ಚಳಕ್ಕೆ ಕಟ್ಟಿದೀವಿ.