ಹಾಯಿದೋಣಿ ಟ್ರಿಪ್‌ಗೆ ಗೈಡ್: ಎಲ್ಲಿ ಎಡವುತ್ತಾರೆ?

ಪ್ರಶ್ನೆ: ಕಡಿಮೆ ಖರ್ಚಿನ ಪ್ರವಾಸ. 10 ಜನ, 7 ದಿನ, ದ್ವೀಪದಿಂದ ದ್ವೀಪಕ್ಕೆ. ಸ್ಕಿಪ್ಪರ್ (ದೋಣಿ ನಡೆಸುವವನು) ಬಿಟ್ಟರೆ ಗೈಡ್ ಆಗಿ ನಾನೊಬ್ಬನೇ. ಮೊದಲು ಯಾವುದಕ್ಕೆ ಗಮನ ಕೊಡಲಿ?

ಉತ್ತರ 1: ಟಾಯ್ಲೆಟ್‌ಗೆ, ನಿಜವಾಗಿಯೂ. ಪೈಪು ಸಣ್ಣದು, ಟಿಶ್ಯೂ ಕೂಡ ಹಾಕಬಾರದು. ಹ್ಯಾಂಡ್ ಪಂಪನ್ನು 20 ಸಲವಾದರೂ ಒತ್ತಬೇಕು. ಐದಾರಕ್ಕೇ ಬಿಟ್ಟರೆ ಹೊಲಸು ಪೈಪಿನ ಬಾಗಿನಲ್ಲೇ ನಿಂತು ಕಟ್ಟಿಕೊಳ್ಳುತ್ತದೆ. ಬಾಯಲ್ಲಿ ಹೇಳಿದರೆ ಸಾಲದು, ಒತ್ತಿ ತೋರಿಸಿ.

ಉತ್ತರ 2: ಕುಡಿಯುವ ನೀರು ತಲೆಗೆ ದಿನಕ್ಕೆ 3 ಲೀಟರ್. ನಿಮ್ಮಿಬ್ಬರನ್ನೂ ಸೇರಿಸಿ 252 ಲೀಟರ್. ಸಿಬ್ಬಂದಿಯನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಮರೆಯುತ್ತಾರೆ. ವಾಂತಿ ಮಾತ್ರೆಯನ್ನು ಹೊರಡುವ ಮೊದಲೇ ನುಂಗಿಸಿ. ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಉತ್ತರ 3: ಲಂಗರಿನ ಲೆಕ್ಕ ನಿಮಗೂ ಗೊತ್ತಿರಲಿ. ನೀರಿನ ಆಳ 4 ಮೀಟರ್, ದೋಣಿಯ ಮೂತಿಯ ಎತ್ತರ 1, ಒಟ್ಟು 5. ಅದರ ಐದು ಪಟ್ಟು, ಅಂದರೆ 25 ಮೀಟರ್ ಸರಪಳಿ ಬಿಡಬೇಕು. ಗಾಳಿ ಜೋರಿದ್ದರೆ ಏಳು ಪಟ್ಟು, 35. ಭರತದಲ್ಲಿ ಏರುವ ನೀರನ್ನೂ ಆಳಕ್ಕೆ ಕೂಡಿಸಿ. ಸರಪಳಿ ಗಿಡ್ಡವಾದರೆ ಲಂಗರನ್ನು ಮೇಲಕ್ಕೆ ಎಳೆದು ಕಿತ್ತುಬಿಡುತ್ತದೆ. ದಡದ ಎರಡು ಗುರುತುಗಳನ್ನು ಒಂದೇ ಗೆರೆಗೆ ತಂದು ನೋಡುತ್ತಿರಿ; ಗೆರೆ ತಪ್ಪಿ ಹಾಗೆಯೇ ಸರಿಯುತ್ತಾ ಹೋದರೆ ದೋಣಿ ಜಾರುತ್ತಿದೆ.