ಮಳೆಗಾಲದಲ್ಲಿ ನ್ಯಾಸ್ ಅಪ್‌ಡೇಟ್: 7.1ರಿಂದ 7.2.2ಕ್ಕೆ ಹೋಗಬಹುದಾ?

ಕಡವಾಡ_ಸ್ಟುಡಿಯೋ: ಕಾರವಾರದಲ್ಲಿ ಮದುವೆ ಫೋಟೋ, ವಿಡಿಯೋ ಕೆಲಸ ನನ್ನದು. ನಾಲ್ಕು ಡಿಸ್ಕಿನ ಸಿನಾಲಜಿ ಕಂಪನಿಯ ನ್ಯಾಸ್ (ನೆಟ್‌ವರ್ಕಿನಲ್ಲಿ ಫೈಲ್ ಇಡುವ ಪೆಟ್ಟಿಗೆ) ಇದೆ, ಅದರ ಓಎಸ್ ಡಿಎಸ್‌ಎಂ 7.1 ಓಡ್ತಾ ಇದೆ. 7.2ರಲ್ಲಿ ಬಂದ ಇಡೀ ವಾಲ್ಯೂಮಿನ (ಡಿಸ್ಕುಗಳಲ್ಲಿ ಫೈಲ್ ಇಡುವ ಜಾಗದ) ಎನ್‌ಕ್ರಿಪ್ಷನ್ ಅಂದರೆ ಕೀ ಇಲ್ಲದೆ ಓದಲಾಗದ ಬೀಗ, ಯಾರೂ ಅಳಿಸಲಾಗದ ಸ್ನ್ಯಾಪ್‌ಶಾಟ್ ಅಂದರೆ ಆ ಹೊತ್ತಿನ ಫೈಲುಗಳ ಪ್ರತಿ, ಎರಡೂ ನನಗೆ ಬೇಕು. ಆದರೆ 7.2.2ರಲ್ಲಿ ವಿಡಿಯೋ ಸ್ಟೇಷನ್ ಆ್ಯಪ್ ತೆಗೆದುಬಿಟ್ಟಿದ್ದಾರೆ. ಗಿರಾಕಿಗಳು ಬಂದಾಗ ಅಂಗಡಿ ಟಿವಿಯಲ್ಲಿ ಅದರಿಂದಲೇ ತೋರಿಸೋದು. ಒಮ್ಮೆ ಹಾಕಿದರೆ ವಾಪಸ್ ಬರೋಕೂ ಆಗೋದಿಲ್ಲ. ಏನು ಮಾಡಲಿ?

ಘಟ್ಟದ_ಮೇಲೆ: ಯೋಚನೆ ಮಾಡದೆ ಹಾಕಿ. ಹಳೆ ಫರ್ಮ್‌ವೇರ್ (ಯಂತ್ರದೊಳಗಿನ ಸಾಫ್ಟ್‌ವೇರ್) ಇಟ್ಟುಕೊಂಡರೆ ಏನಾಗುತ್ತದೆ ಅಂತ 2019ರ ನವೆಂಬರಿನಲ್ಲೇ ಗೊತ್ತಾಗಿದೆ. ಕೆಲವು ಎಸ್‌ಎಸ್‌ಡಿ ಡಿಸ್ಕುಗಳು 32,768 ಗಂಟೆ ಓಡಿದ ಮೇಲೆ ಸತ್ತುಹೋಗುತ್ತವೆ, ಡೇಟಾ ಕೂಡ ಸಿಗೋದಿಲ್ಲ ಅಂತ ಸರ್ವರ್ ಮಾಡುವ ಎಚ್‌ಪಿಇ ಕಂಪನಿಯೇ ಹೇಳಿತು. ನಾಲ್ಕು ವರ್ಷವೂ ಆಗೋದಿಲ್ಲ ಅದು. ಒಂದೇ ದಿನ ಹಾಕಿದ ಡಿಸ್ಕುಗಳು ಒಟ್ಟಿಗೇ ಹೋದರೆ ರೇಡ್ (ಒಂದು ಡಿಸ್ಕ್ ಹೋದರೂ ಡೇಟಾ ಉಳಿಸುವ ಜೋಡಣೆ) ಏನು ಮಾಡುತ್ತದೆ? ಹೊಸ ಫರ್ಮ್‌ವೇರ್ ಹಾಕಿದವರು ಬಚಾವಾದರು.

ಬೈತಖೋಲ್: "ಹಳೆ ಫರ್ಮ್‌ವೇರ್" ಅಂದರೆ ಯಾವುದು? ನೀವು ಹೇಳಿದ್ದು ಡಿಸ್ಕಿನ ಒಳಗಿನದು. ಇವರು ಕೇಳಿದ್ದು ಪೆಟ್ಟಿಗೆಯ ಓಎಸ್. ಎರಡನ್ನೂ ಒಂದೇ ಮಾಡಿ ಹೆದರಿಸಬೇಡಿ. 7.2.2ರಲ್ಲಿ ಹೋಗಿದ್ದು ವಿಡಿಯೋ ಸ್ಟೇಷನ್ ಮಾತ್ರ ಅಲ್ಲ. ಎಚ್.265 (ಕಡಿಮೆ ಜಾಗದಲ್ಲಿ ವಿಡಿಯೋ ಇಡುವ ವಿಧಾನ) ವಿಡಿಯೋವನ್ನು ನ್ಯಾಸ್ ತಾನೇ ಟಿವಿಗೆ ಆಗುವಂತೆ ಬದಲಿಸಿ ಕೊಡುತ್ತಿತ್ತಲ್ಲ, ಅದನ್ನೂ ನಿಲ್ಲಿಸಿದ್ದಾರೆ. ಆ ಭಾರ ಈಗ ನೋಡುವ ಟಿವಿ, ಫೋನಿನ ಮೇಲೆ. ಮದುವೆ ವಿಡಿಯೋದವರಿಗೆ ಇದು ಸಣ್ಣ ವಿಷಯ ಅಲ್ಲ. ಹಳೆ ಟಿವಿ ಇದ್ದರೆ ಕಥೆ ಮುಗೀತು.

ಘಟ್ಟದ_ಮೇಲೆ: "ಹಳೆ ಟಿವಿ" ಉಳಿಸೋಕೆ ಜನರ ಮದುವೆ ಫೋಟೋ ಅಪಾಯಕ್ಕೆ ಒಡ್ಡಬೇಕಾ? 2024ರ ಅಕ್ಟೋಬರಿನ ಹ್ಯಾಕಿಂಗ್ ಸ್ಪರ್ಧೆಯಲ್ಲಿ ನ್ಯಾಸಿನ ಸಿನಾಲಜಿ ಫೋಟೋಸ್ ಆ್ಯಪ್ ಒಳಗೆ ನುಗ್ಗಿ ತೋರಿಸಿದರು. ಮಾಲೀಕ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ!

ಬೈತಖೋಲ್: ಅರ್ಧ ಹೇಳಿ ನಿಲ್ಲಿಸಿದ್ರಿ. ಅದಕ್ಕೆ ತೇಪೆ (ದೋಷ ಮುಚ್ಚುವ ಅಪ್‌ಡೇಟ್) ಆ ಆ್ಯಪಿನ 1.7ಕ್ಕೂ ಬಂತು, ಹಳೆಯ 1.6ಕ್ಕೂ ಬಂತು. ಅಂದರೆ 7.2.1ರಲ್ಲೇ ನಿಂತವರಿಗೂ ಸಿಕ್ಕಿತು. ಎನ್‌ಕ್ರಿಪ್ಷನ್, ಸ್ನ್ಯಾಪ್‌ಶಾಟ್ ಎರಡೂ 7.2.1ರಲ್ಲಿವೆ, ವಿಡಿಯೋ ಸ್ಟೇಷನ್ನೂ ಇದೆ. ಸ್ಟುಡಿಯೋದವರೇ, ಸದ್ಯ ಅಲ್ಲಿಗೆ ಹೋಗಿ ನಿಲ್ಲಿ.

ಹುಲೇಕಲ್_ರಸ್ತೆ: 7.2.1 ಆಗಲಿ 7.2.2 ಆಗಲಿ, ಮೊದಲು ಮಳೆ ಇಳಿಯಲಿ ಮಾರಾಯ್ರೇ. ಅಪ್‌ಡೇಟ್ ಅರ್ಧ ಆದಾಗ ಕರೆಂಟ್ ಹೋದರೆ ಪೆಟ್ಟಿಗೆ ಏಳದೇ ಇರಬಹುದು.

ಘಟ್ಟದ_ಮೇಲೆ: ಕರೆಂಟ್ ಹೋದರೆ ಇನ್ವರ್ಟರ್ ಇದೆಯಲ್ಲ. ಈಗ ಯಾವ ಅಂಗಡಿಯಲ್ಲಿ ಇಲ್ಲ?

ಹುಲೇಕಲ್_ರಸ್ತೆ: ಇನ್ವರ್ಟರ್ ಬೇರೆ, ಯುಪಿಎಸ್ ಬೇರೆ. ಯುಪಿಎಸ್‌ನಿಂದ ನ್ಯಾಸ್‌ಗೆ ಯುಎಸ್‌ಬಿ ವೈರ್ ಹೋಗುತ್ತದೆ. ಕರೆಂಟ್ ಹೋಯ್ತು, ಬ್ಯಾಟರಿ ಇಳೀತಾ ಇದೆ ಅಂತ ಅದು ಹೇಳುತ್ತದೆ. ನ್ಯಾಸ್ ಬರೆಯೋದನ್ನು ಮುಗಿಸಿ ತಾನೇ ಸುರಕ್ಷಿತವಾಗಿ ನಿಲ್ಲುತ್ತದೆ. ಮನೆಯ ಇನ್ವರ್ಟರ್ ಹೀಗೆ ಏನೂ ಹೇಳೋದಿಲ್ಲ.

ಘಟ್ಟದ_ಮೇಲೆ: ಇನ್ವರ್ಟರಿನಲ್ಲೂ ಯುಪಿಎಸ್ ಮೋಡ್ ಸ್ವಿಚ್ ಇದೆ, ಹಿಂದೆ ತಿರುಗಿಸಿ ನೋಡಿ. ಯಲ್ಲಾಪುರದ ನಮ್ಮ ಆಫೀಸಿನಲ್ಲಿ ವರ್ಷಗಟ್ಟಲೆ ಅದರ ಮೇಲೇ ನಡೆದಿದೆ.

ಹುಲೇಕಲ್_ರಸ್ತೆ: ಆ ಸ್ವಿಚ್ ಹಾಕಿದರೆ ಬೇಗ ಬದಲಾಗುತ್ತದೆ, ಅಷ್ಟೇ. ಬ್ಯಾಟರಿ ಖಾಲಿ ಆದಾಗ ಏನು ಗತಿ? ಶಿರಸಿಯಲ್ಲಿ ಮರ ಬಿದ್ದರೆ ರಾತ್ರಿಯಿಡೀ ಕರೆಂಟ್ ಇರೋದಿಲ್ಲ. ನಸುಕಿನಲ್ಲಿ ಇನ್ವರ್ಟರ್ ಟಪ್ ಅಂತ ನಿಂತಿತು. ಬೆಳಿಗ್ಗೆ ಬಾಗಿಲು ತೆಗೆದರೆ ನ್ಯಾಸ್ ಬೀಪ್ ಬೀಪ್ ಅಂತಿದೆ, ಸ್ಟೇಟಸ್ ದೀಪ ಕಿತ್ತಳೆ, ವಾಲ್ಯೂಮ್ ಕೆಟ್ಟಿದೆ. ನನ್ನ ಗಿರಾಕಿಯ ಅಂಗಡಿಯಲ್ಲಿ ಕಣ್ಣಾರೆ ಕಂಡದ್ದು ಇದು.

ಘಟ್ಟದ_ಮೇಲೆ: "ಬ್ಯಾಟರಿ ಖಾಲಿ" ಅಂದರೆ ನಿಮ್ಮ ಗಿರಾಕಿ ನೀರು ಹಾಕದೆ ಬಿಟ್ಟಿದ್ದಾನೆ. ತಪ್ಪು ಬ್ಯಾಟರಿಯದ್ದು, ಇನ್ವರ್ಟರಿನದ್ದಲ್ಲ.

ಹುಲೇಕಲ್_ರಸ್ತೆ: ನೀರು ತುಂಬಿದ್ದರೂ ಬ್ಯಾಟರಿ ಎಂದೋ ಒಂದು ಹೊತ್ತಿಗೆ ಮುಗಿಯುತ್ತದೆ ತಮ್ಮಾ! ಮುಗಿಯುವ ಮೊದಲು ನ್ಯಾಸ್‌ಗೆ ಯಾರು ಹೇಳಬೇಕು? ಅದಕ್ಕೆ ಉತ್ತರ ಕೊಡು.

ಘಟ್ಟದ_ಮೇಲೆ: "ತಮ್ಮಾ" ಅನ್ನೋದೆಲ್ಲ ಬೇಡ. ಮರ್ಯಾದೆಯಿಂದ ಮಾತಾಡಿ. ನಾನೂ ಇದೇ ಕೆಲಸದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು.

ಕುಮಟಾ_ಕಡಲು: ಇಬ್ಬರೂ ಘಟ್ಟದ ಮೇಲಿನವರು, ಕರಾವಳಿಯ ಕಷ್ಟ ಬೇರೆ. ಇಲ್ಲಿ ಉಪ್ಪು ಗಾಳಿಗೆ ಟರ್ಮಿನಲ್‌ಗಳು ಹಸಿರು ಹಿಡಿಯುತ್ತವೆ. ಯುಪಿಎಸ್ ಇದೆ ಅಂತ ನಂಬಿ ಕೂರಬೇಡಿ. ಅಪ್‌ಡೇಟಿಗೆ ಮೊದಲು ಮೇನ್ ಸ್ವಿಚ್ ತೆಗೆದು ಎಷ್ಟು ಹೊತ್ತು ನಿಲ್ಲುತ್ತದೆ ನೋಡಿ. ಇನ್ನೊಂದು, ಅದೇ ಅಳತೆಯ ಒಂದು ಡಿಸ್ಕ್ ಮೊದಲೇ ತಂದಿಟ್ಟುಕೊಳ್ಳಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆಗಿತ್ತು. ಅಂಥ ಹೊತ್ತಲ್ಲಿ ಡಿಸ್ಕ್ ಹೋದರೆ ಎಲ್ಲಿಂದ ತರಿಸ್ತೀರಿ?

ಘಟ್ಟದ_ಮೇಲೆ: "ಯುಪಿಎಸ್ ನಂಬಬೇಡಿ". ನಾನು ಹೇಳಿದ್ದೂ ಇದೇ ಅಲ್ವಾ? ಯುಪಿಎಸ್ಸೂ ಕೆಡುತ್ತದೆ.

ಹುಲೇಕಲ್_ರಸ್ತೆ: ನೀವು ಹೇಳಿದ್ದು ಇನ್ವರ್ಟರ್ ಸಾಕು ಅಂತ. ಮೇಲೆ ಹಾಗೇ ಇದೆ, ಓದಿಕೊಳ್ಳಿ.

ಕಡವಾಡ_ಸ್ಟುಡಿಯೋ: ದಯವಿಟ್ಟು ನನ್ನ ಪ್ರಶ್ನೆಗೆ ಬನ್ನಿ. ಈಗಿರುವ ವಾಲ್ಯೂಮನ್ನೇ ಎನ್‌ಕ್ರಿಪ್ಟ್ ಮಾಡೋಕೆ ಬರುತ್ತದಾ?

ಬೈತಖೋಲ್: ಬರೋದಿಲ್ಲ. ಹೊಸ ವಾಲ್ಯೂಮ್ ಮಾಡುವಾಗ ಮಾತ್ರ. ಇರುವುದನ್ನೆಲ್ಲ ಹೊರಗೆ ತೆಗೆದು, ಹೊಸದಾಗಿ ಮಾಡಿ, ಮತ್ತೆ ತುಂಬಿಸಬೇಕು. ಅದೂ ಅಲ್ಲದೆ, ಕೀಯನ್ನು ಅದೇ ಪೆಟ್ಟಿಗೆಯಲ್ಲಿ ಇಟ್ಟರೆ ಆನ್ ಮಾಡಿದ ಕೂಡಲೇ ವಾಲ್ಯೂಮ್ ತಾನೇ ತೆರೆದುಕೊಳ್ಳುತ್ತದೆ. ಕಳ್ಳ ಡಿಸ್ಕ್ ಒಂದನ್ನೇ ಕಿತ್ತುಕೊಂಡು ಹೋದರೆ ರಕ್ಷಣೆ ಇದೆ. ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದರೆ ಅಷ್ಟೊಂದು ಇಲ್ಲ. ಇಷ್ಟಕ್ಕೆ ಇಷ್ಟೆಲ್ಲ ಶ್ರಮ ಬೇಕಾ?

ಘಟ್ಟದ_ಮೇಲೆ: "ಶ್ರಮ ಬೇಕಾ" ಅಂದರೆ ಬೇಕು. ಹಳೆ ಫೋಲ್ಡರ್ ಎನ್‌ಕ್ರಿಪ್ಷನ್ನಿನಲ್ಲಿ ಫೈಲಿನ ಹೆಸರು 143 ಇಂಗ್ಲಿಷ್ ಅಕ್ಷರಕ್ಕಿಂತ ಉದ್ದ ಇರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಜಾಗ, ಕನ್ನಡದಲ್ಲಿ ಒಂದೊಂದು ಚಿಹ್ನೆಗೂ ಮೂರು ಬೈಟ್. ಲೆಕ್ಕ ಹಾಕಿ, ಸುಮಾರು 47 ಚಿಹ್ನೆಗೆ ಮುಗೀತು. "ಕ್ಷ" ಒಂದಕ್ಕೇ ಮೂರು ಚಿಹ್ನೆ ಹೋಗುತ್ತದೆ. ವಾಲ್ಯೂಮ್ ಎನ್‌ಕ್ರಿಪ್ಷನ್ನಿನಲ್ಲಿ ಈ ಕಟ್ಟು ಇಲ್ಲ.

ಕಡವಾಡ_ಸ್ಟುಡಿಯೋ: ಇದು ನನಗೆ ನೇರವಾಗಿ ತಾಗುವ ವಿಷಯ. ವರ, ವಧು, ಊರು, ಮಂಟಪ ಎಲ್ಲ ಸೇರಿಸಿ ಕನ್ನಡದಲ್ಲೇ ಹೆಸರು ಇಡೋದು ನಾನು. ಹಳೆ ಫೋಲ್ಡರ್ ಎನ್‌ಕ್ರಿಪ್ಟ್ ಮಾಡಲು ಹೋದಾಗ ಯಾಕೆ ಆಗಲಿಲ್ಲ ಅಂತ ಈಗ ಗೊತ್ತಾಯಿತು.

ಬೈತಖೋಲ್: ಹಾಗಿದ್ದರೂ ಅದು 7.2.1ರಲ್ಲೇ ಸಿಗುತ್ತದೆ. 7.2.2 ಯಾಕೆ ಬೇಕು ಅಂತ ಇನ್ನೂ ಯಾರೂ ಹೇಳಿಲ್ಲ. ಅಳಿಸಲಾಗದ ಸ್ನ್ಯಾಪ್‌ಶಾಟಿಗೆ ಬಿಟಿಆರ್‌ಎಫ್‌ಎಸ್ (ಡಿಸ್ಕಿನಲ್ಲಿ ಫೈಲ್ ಜೋಡಿಸಿಡುವ ಒಂದು ಪದ್ಧತಿ) ಬೇಕು, ಎಲ್ಲ ಮಾಡೆಲಿಗೂ ಇಲ್ಲ, ಕಾಪಾಡೋದು 7ರಿಂದ 30 ದಿನ. ನಿಮ್ಮ ಮಾಡೆಲ್ ಪಟ್ಟಿಯಲ್ಲಿದೆಯಾ ಮೊದಲು ನೋಡಿ.

ಘಟ್ಟದ_ಮೇಲೆ: ಇವತ್ತು 7.2.1ರಲ್ಲಿ ನಿಂತವರು ನಾಳೆ ತೇಪೆ ಬರದೇ ಹೋದಾಗ ಬೈತಖೋಲ್ ಅವರನ್ನೇ ಕೇಳಲಿ. ನಾನು ಹೇಳೋದು ಹೇಳಿದ್ದೇನೆ.

ಕಡವಾಡ_ಸ್ಟುಡಿಯೋ: ಹೊರಗಿನ ಎರಡು ಡಿಸ್ಕಿಗೆ ಎಲ್ಲ ಕಾಪಿ ಹಾಕಲು ಶುರು ಮಾಡಿದ್ದೇನೆ. ಮಾಡೆಲ್ ಪಟ್ಟಿ ನೋಡಿ ಇಲ್ಲೇ ಬರೆಯುತ್ತೇನೆ. ಅಲ್ಲಿಯವರೆಗೆ ಅಪ್‌ಡೇಟ್ ಬಟನ್ ಮುಟ್ಟೋದಿಲ್ಲ.

ಹುಲೇಕಲ್_ರಸ್ತೆ: ಕಾಪಿ ಆಗುವಾಗಲೂ ನ್ಯಾಸ್ ಇನ್ವರ್ಟರ್ ಮೇಲೆ ಬೇಡ.